ಯುರೋಪಿನ ಬ್ಯಾಸ್ಕೆಟ್‌ಬಾಲ್: ಯಾವ ಲೀಗ್ ಹಿಡಿದು ನೋಡಬೇಕು?

ಅಮೆರಿಕದ ಎನ್‌ಬಿಎ ಲೀಗ್ ನೋಡಿ ರೂಢಿಯಾದವರು ಯುರೋಪಿನ ಕಡೆ ತಿರುಗಿದಾಗ ಎಲ್ಲರೂ ಎಡವುವುದು ಒಂದೇ ಜಾಗದಲ್ಲಿ. ಗುರುವಾರ ರಾತ್ರಿ ಬಾರ್ಸಿಲೋನಾ ಎದುರು ಆಡಿದ ರಿಯಲ್ ಮ್ಯಾಡ್ರಿಡ್, ಭಾನುವಾರ ಹೆಸರೇ ಕೇಳಿರದ ಪುಟ್ಟ ಊರಿನ ತಂಡದ ಎದುರು ನಿಂತಿರುತ್ತದೆ. ಅಂಕಪಟ್ಟಿ ಬೇರೆ, ತಂಡದಲ್ಲಿ ಕಣಕ್ಕಿಳಿದ ಹನ್ನೆರಡು ಮಂದಿಯೂ ಪೂರ್ತಿ ಅವರೇ ಅಲ್ಲ. ಇದು ಒಂದೇ ಲೀಗಿನ ಎರಡು ಪಂದ್ಯಗಳಲ್ಲ, ಎರಡು ಬೇರೆ ಬೇರೆ ಲೀಗುಗಳು. ಯುರೋಪಿನ ಪ್ರತಿ ದೊಡ್ಡ ಕ್ಲಬ್ಬೂ ಏಕಕಾಲಕ್ಕೆ ಎರಡು ಸ್ಪರ್ಧೆಗಳಲ್ಲಿ ಬದುಕುತ್ತದೆ: ವಾರದ ಮಧ್ಯೆ ಖಂಡಮಟ್ಟದ ಟೂರ್ನಿ, ವಾರಾಂತ್ಯಕ್ಕೆ ಸ್ವದೇಶದ ಲೀಗ್.

ಹಾಗಾಗಿ "ಯಾವ ಲೀಗ್ ಚೆನ್ನಾಗಿದೆ?" ಎಂದು ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಆರಿಸಬೇಕಾದದ್ದು ಒಂದು ಜೋಡಿಯನ್ನು, ಅಂದರೆ ಒಂದು ಖಂಡಮಟ್ಟದ ಟೂರ್ನಿ ಮತ್ತು ಅದಕ್ಕೆ ಹೊಂದುವ ಒಂದು ದೇಶದ ಲೀಗ್. ಆ ಜೋಡಿಯನ್ನು ಹೇಗೆ ಕಟ್ಟಿಕೊಳ್ಳುವುದು ಎಂಬುದೇ ಈ ಬರಹದ ವಿಷಯ. ಇಲ್ಲಿನ ತಂಡಗಳ ಸಂಖ್ಯೆ ಮತ್ತು ಪಂದ್ಯಗಳ ಲೆಕ್ಕ 2025-26ರ ಋತುವಿನದು.

ಖಂಡಮಟ್ಟದ ನಾಲ್ಕು ಟೂರ್ನಿಗಳು, ಇಬ್ಬರು ಯಜಮಾನರು

ಯುರೋಲೀಗ್, ಯುರೋಕಪ್, ಚಾಂಪಿಯನ್ಸ್ ಲೀಗ್, ಫಿಬಾ ಯುರೋಪ್ ಕಪ್. ಮೊದಲೆರಡನ್ನು ನಡೆಸುವುದು ಕ್ಲಬ್ಬುಗಳ ಕೈಯಲ್ಲಿರುವ ಖಾಸಗಿ ಕಂಪನಿ. ಉಳಿದೆರಡು ಅಂತರರಾಷ್ಟ್ರೀಯ ಒಕ್ಕೂಟವಾದ ಫಿಬಾದ ಕಡೆಯವು. ಇಬ್ಬರ ನಡುವೆ ಒಂದೇ ಏಣಿ ಇಲ್ಲ. ಚಾಂಪಿಯನ್ಸ್ ಲೀಗ್ ಗೆದ್ದವರು ಯುರೋಲೀಗಿಗೆ ಏರುವುದಿಲ್ಲ. ಯುರೋಲೀಗಿನಲ್ಲಿ ಕೊನೆಯ ಸ್ಥಾನಕ್ಕೆ ಬಿದ್ದವರು ಅಲ್ಲಿಗೆ ಇಳಿಯಲೇಬೇಕೆಂಬ ನಿಯಮವೂ ಇಲ್ಲ. ಫುಟ್‌ಬಾಲಿನ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡು ಬಂದರೆ ಇಲ್ಲಿ ದಾರಿ ತಪ್ಪುವುದು ಖಚಿತ.

ಈ ಬಿರುಕಿಗೆ ಇತಿಹಾಸವಿದೆ. 1958ರಲ್ಲಿ ಫಿಬಾ ಆರಂಭಿಸಿದ ಯುರೋಪಿಯನ್ ಚಾಂಪಿಯನ್ಸ್ ಕಪ್‌ನ ಮೊದಲ ಮೂರು ಕಿರೀಟಗಳು ರೀಗಾದ ಎಎಸ್‌ಕೆ ತಂಡದ ಪಾಲಾದವು. 2000ರಲ್ಲಿ ದೊಡ್ಡ ಲೀಗುಗಳ ಒಕ್ಕೂಟವಾದ ಯುಲೆಬ್ ಬೇರೆಯಾಗಿ ತನ್ನದೇ ಯುರೋಲೀಗ್ ತೆರೆಯಿತು, ಫಿಬಾ ಸುಪ್ರೋಲೀಗ್ ಹೆಸರಿನಲ್ಲಿ ಇನ್ನೊಂದನ್ನು ನಡೆಸಿತು. ಹೀಗೆ 2001ರಲ್ಲಿ ಯುರೋಪಿಗೆ ಇಬ್ಬರು ಚಾಂಪಿಯನ್ನರು: ಒಂದು ಕಡೆ ಕಿಂಡರ್ ಬೊಲೊನ್ಯಾ, ಇನ್ನೊಂದು ಕಡೆ ಮಕಾಬಿ ಟೆಲ್ ಅವೀವ್. ಮರುವರ್ಷ ಯುರೋಲೀಗೇ ಉಳಿಯಿತು. 2015-16ರಲ್ಲಿ ಮತ್ತೆ ಜಗಳ. ಫಿಬಾ ಚಾಂಪಿಯನ್ಸ್ ಲೀಗನ್ನು 2016ರಲ್ಲಿ ಹುಟ್ಟುಹಾಕಿತು, ಯುರೋಲೀಗ್ 11 ಕ್ಲಬ್ಬುಗಳಿಗೆ ದೀರ್ಘಾವಧಿ ಪರವಾನಗಿ ಕೊಟ್ಟು ಬಾಗಿಲನ್ನು ಮುಕ್ಕಾಲು ಮುಚ್ಚಿತು. ಇಂದಿನ ವ್ಯವಸ್ಥೆ ನಿಂತಿರುವುದು ಆ ಜಗಳದ ಮೇಲೆಯೇ.

ಯುರೋಲೀಗ್: ಆಟದ ಮಟ್ಟವೇ ಮುಖ್ಯವೆನ್ನುವವರಿಗೆ

ಎನ್‌ಬಿಎ ಹೊರಗೆ ಇದಕ್ಕಿಂತ ಎತ್ತರದ ಕ್ಲಬ್ ಆಟ ಇಲ್ಲ. 20 ತಂಡಗಳು, ಪ್ರತಿಯೊಬ್ಬರೂ ಪ್ರತಿಯೊಬ್ಬರ ಎದುರು ತವರಿನಲ್ಲಿ ಒಮ್ಮೆ, ಹೊರಗೆ ಒಮ್ಮೆ, ಒಟ್ಟು 38 ಸುತ್ತು. 2016-17ರಲ್ಲಿ ಇದೇ ಪದ್ಧತಿ 16 ತಂಡ, 30 ಸುತ್ತುಗಳಿಂದ ಆರಂಭವಾಗಿ 18 ತಂಡ, 34 ಸುತ್ತುಗಳನ್ನು ದಾಟಿ ಇಲ್ಲಿಗೆ ಬಂದಿದೆ. ಮೊದಲ 6 ಸ್ಥಾನದವರು ನೇರ ಪ್ಲೇಆಫ್‌ಗೆ, ಅಂದರೆ ಕಿರೀಟಕ್ಕಾಗಿ ನಡೆಯುವ ಕೊನೆಯ ಹಂತಕ್ಕೆ. 7ರಿಂದ 10ರವರೆಗಿನವರಿಗೆ ಪ್ಲೇ-ಇನ್: 7ನೆಯವರು 8ನೆಯವರೊಡನೆ ಆಡಿ ಗೆದ್ದವರು ಒಳಗೆ, ಸೋತವರಿಗೆ 9-10ರ ವಿಜೇತರೊಡನೆ ಇನ್ನೊಂದು ಅವಕಾಶ. ನಂತರ ಐದು ಪಂದ್ಯಗಳಲ್ಲಿ ಮೂರು ಗೆಲ್ಲಬೇಕಾದ ಪ್ಲೇಆಫ್ ಸರಣಿ. ಕೊನೆಗೆ ಒಂದೇ ಊರಿನಲ್ಲಿ, ಒಂದೇ ವಾರಾಂತ್ಯದಲ್ಲಿ ನಾಲ್ಕು ತಂಡಗಳ ಫೈನಲ್ ಫೋರ್.

ಈ ಫೈನಲ್ ಫೋರ್ ಕ್ರೂರವಾದದ್ದು. ಎಂಟು ತಿಂಗಳ ದುಡಿಮೆಯ ಫಲವನ್ನು ಎರಡು ಒಂಟಿ ಪಂದ್ಯಗಳು ತೀರ್ಮಾನಿಸುತ್ತವೆ. ಗ್ರೀಸಿನ ಒಲಿಂಪಿಯಾಕೋಸ್ 2022-23ರಲ್ಲಿ ಪಟ್ಟಿಯ ತುದಿಯಲ್ಲಿತ್ತು. ಕೌನಾಸ್‌ನ ಫೈನಲಿನಲ್ಲಿ ಸೆರ್ಜಿಯೋ ಯುಲ್ ಕೊನೆಯ ಕ್ಷಣಗಳಲ್ಲಿ ಹಾಕಿದ ಬುಟ್ಟಿಯಿಂದ ರಿಯಲ್ ಮ್ಯಾಡ್ರಿಡ್‌ಗೆ 79-78ರಲ್ಲಿ ಸೋತಿತು. 2024-25ರಲ್ಲೂ ಮೊದಲ ಸ್ಥಾನ, ಅಬುಧಾಬಿಯ ಸೆಮಿಫೈನಲಿನಲ್ಲಿ ಮೊನಾಕೊ ಎದುರು ಸೋಲು. ಕಿರೀಟ ಫೆನೆರ್‌ಬಾಚೆಗೆ ಹೋಯಿತು. ಇದೇ ಒಲಿಂಪಿಯಾಕೋಸ್ 2012ರಲ್ಲಿ 19 ಅಂಕಗಳ ಹಿನ್ನಡೆಯಿಂದ ಎದ್ದು ಸಿಎಸ್‌ಕೆಎ ಮಾಸ್ಕೋವನ್ನು 62-61ರಲ್ಲಿ ಮಣಿಸಿದ್ದೂ ಹೌದು. ಏಳು ಪಂದ್ಯಗಳ ಸರಣಿಯಲ್ಲಿ ಬಲಶಾಲಿಯೇ ಗೆಲ್ಲಬೇಕು ಎಂಬ ನ್ಯಾಯಬುದ್ಧಿಯವರಿಗೆ ಇದು ಒಗ್ಗದು.

ಒಳಗೆ ಬರುವ ದಾರಿಗಳು ಮೂರು: ಪರವಾನಗಿ, ಯುರೋಕಪ್ ಗೆಲುವು, ವೈಲ್ಡ್ ಕಾರ್ಡ್ (ಆಯೋಜಕರ ಆಹ್ವಾನ). ಸ್ವದೇಶದ ಲೀಗ್ ಗೆಲ್ಲುವುದು ಈ ಮೂರರಲ್ಲಿ ಇಲ್ಲ ಎಂಬುದನ್ನು ಗಟ್ಟಿಯಾಗಿ ನೆನಪಿಡಿ. 2023ರಲ್ಲಿ ಜರ್ಮನಿಯ ಚಾಂಪಿಯನ್ ಆದ ಉಲ್ಮ್ ಮರುವರ್ಷ ಆಡಿದ್ದು ಯುರೋಕಪ್‌ನಲ್ಲಿ. 2024ರಲ್ಲಿ ಲಿಥುವೇನಿಯಾ ಗೆದ್ದ ರಿಟಾಸ್ ಆಡಿದ್ದು ಚಾಂಪಿಯನ್ಸ್ ಲೀಗಿನಲ್ಲಿ. ಇದರ ಉಲ್ಟಾ ಇನ್ನೂ ವಿಚಿತ್ರ. 2019ರಲ್ಲಿ ರೆಫರಿಗಳ ವಿಚಾರಕ್ಕೆ ಪನಾಥಿನೈಕೋಸ್ ಎದುರು ಕಣಕ್ಕಿಳಿಯಲು ಒಪ್ಪದ ಒಲಿಂಪಿಯಾಕೋಸನ್ನು ಗ್ರೀಕ್ ಲೀಗ್ ಎರಡನೇ ದರ್ಜೆಗೆ ತಳ್ಳಿತು. ಆದರೂ ಅದರ ಮುಖ್ಯ ತಂಡ ಯುರೋಲೀಗಿನಲ್ಲಿ ಎಂದಿನಂತೆ ಆಡುತ್ತಲೇ ಇತ್ತು, ಏಕೆಂದರೆ ಪರವಾನಗಿ ಕೈಯಲ್ಲಿತ್ತು. ಎರಡು ವ್ಯವಸ್ಥೆಗಳ ನಡುವೆ ಗೋಡೆ ಎಷ್ಟು ದಪ್ಪವಿದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಕೊರತೆಯೂ ಇದೆ. ಹಿಂಬಡ್ತಿಯ ಭಯ ಹೆಚ್ಚಿನವರಿಗೆ ಇಲ್ಲದ ಕಾರಣ, ಮಾರ್ಚ್ ಕಳೆಯುವಷ್ಟರಲ್ಲಿ ತಳದ ನಾಲ್ಕೈದು ತಂಡಗಳ ಪಂದ್ಯಗಳಲ್ಲಿ ಜೀವ ಉಳಿದಿರುವುದಿಲ್ಲ. 38 ಸುತ್ತು ಮುಗಿಸಲು ಒಂದೇ ವಾರದಲ್ಲಿ ಎರಡು ಪಂದ್ಯಗಳಿರುವ ವಾರಗಳೂ ಬೇಕಾಗುತ್ತವೆ. ಅಂಥ ವಾರದ ಎರಡನೇ ಪಂದ್ಯದಲ್ಲಿ ಕಾಲುಗಳು ಭಾರವಾಗಿ ಮೂರಂಕದ ಎಸೆತಗಳು ರಿಂಗಿನ ಮುಂಭಾಗಕ್ಕೆ ಬಡಿಯುವುದನ್ನು ಕಣ್ಣಾರೆ ಕಾಣಬಹುದು.

ಯುರೋಕಪ್ ಮತ್ತು ಚಾಂಪಿಯನ್ಸ್ ಲೀಗ್: ಎರಡನೇ ಸಾಲಿನ ನಿಜವಾದ ಆಯ್ಕೆ

ಹೆಸರು ಕೇಳಿ ಚಾಂಪಿಯನ್ಸ್ ಲೀಗೇ ದೊಡ್ಡದೆಂದು ತಿಳಿಯುವವರು ಬಹಳ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಹಾಗಲ್ಲ. ಆಟದ ಮಟ್ಟದಲ್ಲಿ ಯುರೋಕಪ್ ಮತ್ತು ಇದು ಹೆಚ್ಚುಕಡಿಮೆ ಅಕ್ಕಪಕ್ಕ. ಬೇರೆಯಿರುವುದು ರಚನೆ ಮತ್ತು ಗುರಿ.

ಯುರೋಕಪ್‌ನಲ್ಲಿ 20 ತಂಡಗಳು, ಹತ್ತರ ಎರಡು ಗುಂಪು, ತಲಾ 18 ಪಂದ್ಯ. ಪ್ರತಿ ಗುಂಪಿನ ಮೊದಲ ಆರು ತಂಡಗಳು ಮುಂದಕ್ಕೆ; ಆರಂಭದ ಸುತ್ತುಗಳು ಒಂದೇ ಪಂದ್ಯದವು, ಸೆಮಿಫೈನಲ್ ಮತ್ತು ಫೈನಲ್ ಮೂರರಲ್ಲಿ ಎರಡು ಗೆಲ್ಲಬೇಕಾದವು. ಗೆದ್ದವರಿಗೆ ಯುರೋಲೀಗಿನ ಬಾಗಿಲು. ಪ್ಯಾರಿಸ್ 2024ರಲ್ಲಿ, ಹಪೋಯಲ್ ಟೆಲ್ ಅವೀವ್ 2025ರಲ್ಲಿ ಹೀಗೆಯೇ ಮೇಲೇರಿದವು. ಆದರೆ ಬಾಗಿಲು ತೆರೆದರೂ ಒಳಗೆ ಹೋಗಲು ಹಣ ಬೇಕು. 2023ರಲ್ಲಿ ಯುರೋಕಪ್ ಗೆದ್ದ ಗ್ರಾನ್ ಕನಾರಿಯಾ ಯುರೋಲೀಗನ್ನು ಬೇಡವೆಂದು ಬಿಟ್ಟು ಯುರೋಕಪ್‌ನಲ್ಲೇ ಉಳಿಯಿತು. ದ್ವೀಪದ ಕ್ಲಬ್, ಪ್ರತಿ ಹೊರಪಂದ್ಯಕ್ಕೂ ವಿಮಾನ, ಜೊತೆಗೆ ಸ್ಪೇನ್ ಲೀಗಿನ 34 ಪಂದ್ಯ. ಆ ನಿರ್ಧಾರವನ್ನು ಹೇಡಿತನ ಎನ್ನುವುದು ತಪ್ಪು. ಸಂಬಳ ಬಾಕಿ ಉಳಿಸಿಕೊಂಡು ಮುಳುಗುವುದಕ್ಕಿಂತ ಅದು ಎಷ್ಟೋ ಮೇಲು.

ಚಾಂಪಿಯನ್ಸ್ ಲೀಗಿನಲ್ಲಿ 32 ತಂಡಗಳು, ನಾಲ್ಕರ ಎಂಟು ಗುಂಪು. ಮೊದಲ ಹಂತದಲ್ಲಿ ಬರೀ 6 ಪಂದ್ಯ, ಆದ್ದರಿಂದ ಎರಡು ಸೋಲು ಬಂದರೆ ಕುತ್ತಿಗೆಗೆ ಬಂತೆಂದೇ ಅರ್ಥ. ಗುಂಪಿನ ಮೊದಲಿಗರು ನೇರ 16ರ ಹಂತಕ್ಕೆ, ಎರಡು ಮತ್ತು ಮೂರನೆಯವರು ಮೂರು ಪಂದ್ಯಗಳ ಪ್ಲೇ-ಇನ್‌ಗೆ. 16ರ ಹಂತದಲ್ಲಿ ಮತ್ತೆ ನಾಲ್ಕರ ಗುಂಪುಗಳು, ನಂತರ ಮೂರು ಪಂದ್ಯಗಳ ಕ್ವಾರ್ಟರ್‌ಫೈನಲ್, ಕೊನೆಗೆ ಫೈನಲ್ ಫೋರ್. ಗೆದ್ದವರಿಗೆ 10 ಲಕ್ಷ ಯುರೋ ಬಹುಮಾನ. ಪ್ರವೇಶ ದೊರೆಯುವುದು ಬಹುಪಾಲು ಸ್ವದೇಶದ ಲೀಗಿನ ಸ್ಥಾನದಿಂದ ಮತ್ತು ಅರ್ಹತಾ ಸುತ್ತಿನಿಂದ. ಆ ಅರ್ಥದಲ್ಲಿ ನಾಲ್ಕರಲ್ಲಿ ಹೆಚ್ಚು ಮುಕ್ತವಾದದ್ದು ಇದೇ.

ಸಣ್ಣ ಊರುಗಳ ಸಾಹಸ ಇಷ್ಟಪಡುವವರಿಗೆ ಇಲ್ಲಿ ಸುಗ್ಗಿ. ಟೆನೆರಿಫೆ ದ್ವೀಪದ ತಂಡ 2017 ಮತ್ತು 2022ರಲ್ಲಿ ಗೆದ್ದಿತು, ಜರ್ಮನಿಯ ಬಾನ್ 2023ರಲ್ಲಿ, ಮಾಲಗಾದ ಉನಿಕಾಹಾ 2024 ಮತ್ತು 2025ರಲ್ಲಿ. ಎಲ್ಲಕ್ಕಿಂತ ಕಣ್ಣು ತೆರೆಸುವ ಕಥೆ ಬುರ್ಗೋಸ್‌ನದು: 2020, 2021ರಲ್ಲಿ ಸತತ ಎರಡು ಸಲ ಚಾಂಪಿಯನ್ಸ್ ಲೀಗ್ ಗೆದ್ದ ಆ ತಂಡ 2022ರಲ್ಲಿ ಸ್ಪೇನಿನ ಮೊದಲ ದರ್ಜೆಯಿಂದಲೇ ಕೆಳಗೆ ಬಿತ್ತು. ಖಂಡದ ಕಿರೀಟ ತವರಿನ ಪಟ್ಟಿಯಲ್ಲಿ ಒಂದು ಗೆಲುವನ್ನೂ ಕೂಡಿಸಿಕೊಡುವುದಿಲ್ಲ.

ಎರಡರಲ್ಲಿ ಒಂದೆಂದರೆ, ವಾರವಾರ ಒಂದೇ ಗುಂಪಿನ ಬೆಳವಣಿಗೆ ನೋಡಬೇಕೆನ್ನುವವರು ಯುರೋಕಪ್ ಹಿಡಿಯಲಿ. ಕಡಿಮೆ ಪಂದ್ಯ, ಪ್ರತಿಯೊಂದಕ್ಕೂ ತೂಕ ಬೇಕೆನ್ನುವವರಿಗೆ ಚಾಂಪಿಯನ್ಸ್ ಲೀಗ್. ಫಿಬಾ ಯುರೋಪ್ ಕಪ್ ಇವುಗಳ ಕೆಳಗಿನದು. ಚಾಂಪಿಯನ್ಸ್ ಲೀಗಿನ ಅರ್ಹತೆಯಲ್ಲಿ ಬಿದ್ದವರಲ್ಲಿ ಹಲವರು ಅಲ್ಲಿ ಸಿಗುತ್ತಾರೆ. ನಿಮ್ಮ ಕ್ಲಬ್ ಅದರಲ್ಲಿದ್ದರೆ ನೋಡಿ, ಇಲ್ಲವಾದರೆ ಸಮಯ ಕೊಡಬೇಕಿಲ್ಲ.

ದೇಶದ ಲೀಗುಗಳು: ಇಲ್ಲೇ ಹೆಚ್ಚು ಯೋಚಿಸಿ

*ಸ್ಪೇನ್.* ಎಸಿಬಿ ಎಂದರೆ ಕ್ಲಬ್ಬುಗಳ ಸಂಘ. 1983-84ರಿಂದ ಲೀಗ್ ನಡೆಸುತ್ತಿದೆ. 18 ತಂಡ, 34 ಸುತ್ತು, ಮೊದಲ ಎಂಟಕ್ಕೆ ಪ್ಲೇಆಫ್, ಕೊನೆಯ ಎರಡಕ್ಕೆ ಹಿಂಬಡ್ತಿ. ಯುರೋಪಿನ ದೇಶದ ಲೀಗುಗಳಲ್ಲಿ ಮೇಲಿನಿಂದ ತಳದವರೆಗೆ ಮಟ್ಟ ಕುಸಿಯದಿರುವುದು ಇಲ್ಲೇ. ಹತ್ತನೇ ಸ್ಥಾನದ ತಂಡವೂ ಆಟವನ್ನು ನಿಧಾನ ಮಾಡಿ, ಪಿಕ್ ಅಂಡ್ ರೋಲ್‌ಗೆ (ಸಹ ಆಟಗಾರ ಅಡ್ಡ ನಿಂತು ಚೆಂಡು ಹಿಡಿದವನಿಗೆ ದಾರಿ ಮಾಡಿ, ತಾನು ಬುಟ್ಟಿಯತ್ತ ಓಡುವ ತಂತ್ರಕ್ಕೆ) ಮೂರು ಬಗೆಯ ರಕ್ಷಣೆ ಬದಲಿಸಿ, ಬಾರ್ಸಿಲೋನಾವನ್ನು ಕಟ್ಟಿಹಾಕಬಲ್ಲದು. ಕೆಳಗಿನಿಂದ ಬಡ್ತಿ ಗಳಿಸಿದ ಕ್ಲಬ್ಬುಗಳು ದುಬಾರಿ ಪ್ರವೇಶ ಶುಲ್ಕ ಕಟ್ಟಲಾಗದೆ ಕೆಳಗೇ ಉಳಿದ ವರ್ಷಗಳು ಹಿಂದೆ ಇದ್ದವು. ಈಗ ಆ ಅಡ್ಡಿ ತಗ್ಗಿದೆ.

ಇದರೊಳಗಿನ ರತ್ನ ಕೋಪಾ ದೆಲ್ ರೇ. ಲೀಗಿನ ಅರ್ಧ ದಾರಿಯಲ್ಲಿ, 17 ಸುತ್ತು ಮುಗಿದಾಗ, ಮೊದಲ ಎಂಟು ಸ್ಥಾನದಲ್ಲಿರುವವರು ಫೆಬ್ರವರಿಯಲ್ಲಿ ಒಂದೇ ಊರಿನಲ್ಲಿ ಸೇರಿ ನಾಲ್ಕೇ ದಿನಗಳಲ್ಲಿ ಏಳು ನಾಕೌಟ್ ಪಂದ್ಯ ಆಡಿ ಮುಗಿಸುತ್ತಾರೆ. ಯುರೋಪಿನ ಬ್ಯಾಸ್ಕೆಟ್‌ಬಾಲ್‌ಗೆ ಹೊಸಬರಾದವರು ವರ್ಷದಲ್ಲಿ ಒಂದೇ ವಾರಾಂತ್ಯ ನೋಡುವುದಾದರೆ ಇದನ್ನೇ ನೋಡಲಿ. ಫೈನಲ್ ಫೋರ್‌ಗಿಂತಲೂ ಇದನ್ನು ಮುಂದಿಡಲು ಕಾರಣವಿದೆ: ಎಂಟೂ ಊರುಗಳ ಅಭಿಮಾನಿಗಳು ಒಂದೇ ಸಭಾಂಗಣದಲ್ಲಿ ಒಟ್ಟಿಗೆ ಕೂರುತ್ತಾರೆ, ದೊಡ್ಡ ತಂಡ ಮೊದಲ ದಿನವೇ ಮನೆಗೆ ಹೋಗುವ ಸಾಧ್ಯತೆ ನಿಜಕ್ಕೂ ಇರುತ್ತದೆ.

*ಜರ್ಮನಿ.* ಇಲ್ಲಿನ ಲೀಗ್ ಆದ ಬಿಬಿಎಲ್ ಬಣ್ಣಿಸುವಾಗ ಮೊದಲು ಹೇಳಬೇಕಾದದ್ದು ಲೈಸೆನ್ಸ್ ಬಗ್ಗೆ. ಹಣಕಾಸಿನ ಲೆಕ್ಕ, ಕ್ರೀಡಾಂಗಣದ ಗಾತ್ರ, ಯುವಕರ ತರಬೇತಿ, ಇವೆಲ್ಲವನ್ನೂ ತೋರಿಸದೆ ಮೈದಾನದಲ್ಲಿ ಗೆದ್ದ ಮಾತ್ರಕ್ಕೆ ಮೇಲಿನ ದರ್ಜೆ ಸಿಗುವುದಿಲ್ಲ. ಇದರಿಂದ ಋತುವಿನ ನಡುವೆ ಕ್ಲಬ್ ಕುಸಿದು ಬೀಳುವ, ಆಟಗಾರರು ಸಂಬಳಕ್ಕಾಗಿ ಫಿಬಾದ ಮಧ್ಯಸ್ಥಿಕೆ ಮಂಡಳಿಗೆ ಅಲೆಯುವ ಪ್ರಸಂಗ ಇಲ್ಲಿ ಅಪರೂಪ. 18 ತಂಡ, 34 ಸುತ್ತು, ಎರಡಕ್ಕೆ ಹಿಂಬಡ್ತಿ. ಪಂದ್ಯಕ್ಕೆ ಹೆಸರಿಸುವ 12 ಮಂದಿಯಲ್ಲಿ ಕನಿಷ್ಠ ಆರು ಜರ್ಮನರು ಇರಬೇಕೆಂಬ ನಿಯಮವಿದೆ. 2023ರಲ್ಲಿ ಜರ್ಮನಿ ವಿಶ್ವಕಪ್ ಗೆದ್ದದ್ದರ ಹಿಂದೆ ಇಂಥ ನಿಯಮಗಳ ಪಾಲಿದೆ ಎಂದು ನಂಬಲು ಸಾಕಷ್ಟು ಆಧಾರವಿದೆ. ಆಟ ಸ್ಪೇನಿಗಿಂತ ವೇಗ, ರಕ್ಷಣೆ ಸ್ವಲ್ಪ ಸಡಿಲ, ಅಂಕ ಹೆಚ್ಚು. ಎನ್‌ಬಿಎಯಿಂದ ಬಂದ ಕಣ್ಣಿಗೆ ಬೇಗ ಒಗ್ಗುವುದು ಇದು.

ಜರ್ಮನಿಯಲ್ಲಿ ನೆಲೆಸಿರುವ ಕನ್ನಡಿಗರಿಗಂತೂ ಮೊದಲ ಆಯ್ಕೆ ಇದೇ ಆಗಬೇಕು. ಮ್ಯೂನಿಕ್‌ನಲ್ಲಿದ್ದರೆ 2024ರಲ್ಲಿ ತೆರೆದ ಎಸ್‌ಎಪಿ ಗಾರ್ಡನ್‌ನಲ್ಲಿ ಬಯರ್ನ್ ತಂಡದ ಯುರೋಲೀಗ್ ಪಂದ್ಯ ಸಿಗುತ್ತದೆ, ಅದೇ ಊರಿನಲ್ಲಿ ಲೀಗ್ ಪಂದ್ಯವೂ ಸಿಗುತ್ತದೆ. ಬರ್ಲಿನ್ನಿನವರು ಗಮನಿಸಿ: ಆಲ್ಬಾ 2025-26ರಿಂದ ಯುರೋಲೀಗ್ ಬಿಟ್ಟು ಚಾಂಪಿಯನ್ಸ್ ಲೀಗಿಗೆ ಬಂದಿದೆ, ಹಳೆಯ ಲೇಖನ ಓದಿ ರಿಯಲ್ ಮ್ಯಾಡ್ರಿಡ್ ಬರುತ್ತದೆಂದು ಕಾಯಬೇಡಿ. ಬಾನ್, ಉಲ್ಮ್, ಲುಡ್ವಿಗ್ಸ್‌ಬುರ್ಗ್‌ಗಳಲ್ಲಿ ಸಭಾಂಗಣ ಚಿಕ್ಕದು, ಹಾಗಾಗಿ ಹಿಂದಿನ ಸಾಲಿನಲ್ಲಿ ಕೂತರೂ ಕೋಚ್ ಕೂಗುವುದು ಕೇಳುತ್ತದೆ.

*ಆಡ್ರಿಯಾಟಿಕ್.* ಎಬಿಎ ಲೀಗ್ 2001ರಲ್ಲಿ ಹುಟ್ಟಿದ್ದು ಒಂದು ಸರಳ ಕಾರಣಕ್ಕೆ: ಯುಗೊಸ್ಲಾವಿಯಾ ಒಡೆದ ಮೇಲೆ ಉಳಿದ ದೇಶಗಳು ಚಿಕ್ಕವು, ಒಂಟಿಯಾಗಿ ಬಲವಾದ ಲೀಗ್ ಕಟ್ಟಲಾರವು. ಸರ್ಬಿಯಾ, ಕ್ರೊಯೇಷಿಯಾ, ಸ್ಲೊವೇನಿಯಾ, ಮಾಂಟೆನೆಗ್ರೊ, ಬಾಸ್ನಿಯಾಗಳ ಕ್ಲಬ್ಬುಗಳು ಗಡಿ ಮೀರಿ ಒಟ್ಟಾದವು. ಈಗ ದುಬೈ ತಂಡವೂ ಸೇರಿ 18 ತಂಡಗಳು. ಪಾರ್ಟಿಜಾನ್ ಮತ್ತು ಕ್ರ್ವೆನಾ ಜ್ವೆಜ್ದಾ ಎರಡೂ ಯುರೋಲೀಗಿನಲ್ಲೂ ಇವೆ. ಬೆಲ್‌ಗ್ರೇಡ್ ಅರೇನಾದಲ್ಲಿ ಪಾರ್ಟಿಜಾನ್ ಆಡುವಾಗ 20 ಸಾವಿರದ ಹತ್ತಿರ ಜನ ಸೇರುತ್ತಾರೆ; ಶಬ್ದದ ವಿಚಾರದಲ್ಲಿ ಯುರೋಪಿನಲ್ಲಿ ಇದಕ್ಕೆ ಸಾಟಿ ಕಡಿಮೆ.

ಇಲ್ಲಿ ಹೊಸಬರನ್ನು ಗೊಂದಲಕ್ಕೀಡುಮಾಡುವ ಸಂಗತಿ ಒಂದಿದೆ. ಎಬಿಎ ಮುಗಿದ ಮೇಲೆ ಅದೇ ಕ್ಲಬ್ಬುಗಳು ತಮ್ಮ ತಮ್ಮ ದೇಶದ ಲೀಗಿನ ಕೊನೆಯ ಹಂತಕ್ಕೆ ಇಳಿಯುತ್ತವೆ. ಅಂದರೆ ಪಾರ್ಟಿಜಾನ್‌ಗೆ ಒಂದು ಋತುವಿನಲ್ಲಿ ಯುರೋಲೀಗ್, ಎಬಿಎ, ಸರ್ಬಿಯಾ ಲೀಗ್ ಎಂಬ ಮೂರು ಲೀಗು, ಜೊತೆಗೆ ದೇಶದ ಕಪ್. ನೋಡುಗರು ಮೊದಲೆರಡನ್ನು ಹಿಡಿದರೆ ಸಾಕು.

ನಾಳಿನ ತಾರೆಗಳನ್ನು ಇಂದೇ ಗುರುತಿಸುವ ಹುಚ್ಚಿದ್ದರೆ ಎಬಿಎಯಲ್ಲಿ ಮೆಗಾ ತಂಡವನ್ನು ಹಿಂಬಾಲಿಸಿ. ನಿಕೊಲಾ ಯೋಕಿಚ್ ಎನ್‌ಬಿಎಗೆ ಹೋಗುವ ಮುನ್ನ ಆಡಿದ್ದು ಅಲ್ಲಿ. 2014ರ ಡ್ರಾಫ್ಟ್‌ನಲ್ಲಿ (ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಸರದಿಯಲ್ಲಿ ಆರಿಸುವ ವಾರ್ಷಿಕ ಆಯ್ಕೆಯಲ್ಲಿ) 41ನೆಯವನಾಗಿ ಆಯ್ಕೆಯಾದಾಗ ಅವನನ್ನು ಹೆಚ್ಚಿನವರು ಕೇಳಿಯೂ ಇರಲಿಲ್ಲ. ಆ ಕ್ಲಬ್ ಹುಡುಗರಿಗೆ ಕಣದಲ್ಲಿ ಹೊತ್ತು ಕೊಟ್ಟು, ತಪ್ಪು ಮಾಡಲು ಬಿಟ್ಟು, ಬೆಳೆಸಿ ಕಳಿಸುವುದನ್ನೇ ಕಸುಬಾಗಿಸಿಕೊಂಡಿದೆ. ಸೋಲು ಹೆಚ್ಚು ಇರುತ್ತದೆ, ಅದನ್ನು ತಡೆದುಕೊಳ್ಳಬೇಕು.

*ಫ್ರಾನ್ಸ್.* ಯುವ ಪ್ರತಿಭೆಯ ಇನ್ನೊಂದು ಗಣಿ. ವಿಕ್ಟರ್ ವೆಂಬನ್ಯಾಮಾ 2022-23ರಲ್ಲಿ ಮೆಟ್ರೊಪಾಲಿಟನ್ಸ್ 92 ತಂಡದಲ್ಲಿ ಆಡಿ 2023ರ ಡ್ರಾಫ್ಟ್‌ನಲ್ಲಿ ಮೊದಲಿಗನಾದ. ಮರುವರ್ಷ ಬೂರ್ ತಂಡದಿಂದ ಬಂದ ಜಕಾರಿ ರಿಸಾಶೆ ಕೂಡ ಮೊದಲಿಗ. ದೇಹಬಲ, ಜಿಗಿತ, ಓಟ ಇಲ್ಲಿ ಮುಂದು. ಅರ್ಧ ಅಂಗಳದ ಜೋಡಣೆಯ ಆಟ ಸ್ಪೇನಿನಷ್ಟು ನಯವಲ್ಲ. ಮೊನಾಕೊ ಬೇರೆ ದೇಶವಾದರೂ ಅದರ ತಂಡ ಆಡುವುದು ಫ್ರೆಂಚ್ ಲೀಗಿನಲ್ಲಿ. 2025ರ ಫೈನಲಿನಲ್ಲಿ ಅದನ್ನು ಸೋಲಿಸಿ ಪ್ಯಾರಿಸ್ ಚಾಂಪಿಯನ್ ಆಯಿತು.

*ಗ್ರೀಸ್, ಟರ್ಕಿ, ಇಟಲಿ.* ಗ್ರೀಸಿನಲ್ಲಿ ಎರಡೇ ತಂಡ: ಪನಾಥಿನೈಕೋಸ್, ಒಲಿಂಪಿಯಾಕೋಸ್. ಇವೆರಡರ ಮುಖಾಮುಖಿ ಬಿಟ್ಟು ಉಳಿದ ಲೀಗನ್ನು ಪೂರ್ತಿ ನೋಡಲು ಹೋಗಬೇಡಿ, ಅಂತರ ಅಷ್ಟಿದೆ. ಎದುರಾಳಿ ಅಭಿಮಾನಿಗಳಿಗೆ ಆ ಪಂದ್ಯಗಳಿಗೆ ಪ್ರವೇಶವೇ ಇಲ್ಲದಿರುವುದು ಬಹುಕಾಲದ ರೂಢಿ. ಟರ್ಕಿಯಲ್ಲಿ 16 ತಂಡ, 30 ಸುತ್ತು. ಫೆನೆರ್‌ಬಾಚೆ ಮತ್ತು ಅನಾಡೊಲು ಎಫೆಸ್ ಮೇಲೆ, ಅವರ ಹಿಂದೆ ಯುರೋಪಿನ ಎರಡನೇ ಸಾಲಿನ ಟೂರ್ನಿಗಳಲ್ಲಿ ಆಡುವ ಗಟ್ಟಿ ತಂಡಗಳ ಸಾಲು. ಇಟಲಿಯಲ್ಲೂ 16 ತಂಡ, 30 ಸುತ್ತು. ಅಲ್ಲಿ ಕ್ಲಬ್ಬುಗಳು ಋತುವಿನ ಮೊದಲೇ ಐದು ವಿದೇಶಿ-ಐದು ಇಟಾಲಿಯನ್ ಅಥವಾ ಆರು-ಆರು ಎಂಬ ಸೂತ್ರಗಳಲ್ಲಿ ಒಂದನ್ನು ಆರಿಸಬೇಕು. ಐದು-ಐದು ಆರಿಸಿದ ಸಣ್ಣ ತಂಡದಲ್ಲಿ ಒಬ್ಬ ವಿದೇಶಿ ಗಾಯಗೊಂಡರೆ ತಿಂಗಳುಗಟ್ಟಲೆ ಸರಣಿ ಸೋಲು ನಿಶ್ಚಿತ. ಇಟಲಿಯ ಪಟ್ಟಿಯಲ್ಲಿ ತಂಡವೊಂದು ಹಠಾತ್ತನೆ ಕುಸಿದರೆ ಮೊದಲು ನೋಡಬೇಕಾದದ್ದು ಗಾಯಾಳುಗಳ ಪಟ್ಟಿ.

*ಲಿಥುವೇನಿಯಾ.* ಲೀಗ್ ಚಿಕ್ಕದು, 1993ರಿಂದ ನಡೆಯುತ್ತಿದೆ. ಆದರೆ ಬ್ಯಾಸ್ಕೆಟ್‌ಬಾಲೇ ಮೊದಲ ಆಟವಾಗಿರುವ ದೇಶ ಇದು. ಸುಮಾರು 3 ಲಕ್ಷ ಜನರ ಕೌನಾಸ್ ನಗರ 15 ಸಾವಿರ ಆಸನಗಳ ಅರೇನಾವನ್ನು ಊರಿನ ಕ್ಲಬ್ ಜಾಲ್ಗಿರಿಸ್‌ನ ಯುರೋಲೀಗ್ ಪಂದ್ಯಗಳಿಗೆ ಮತ್ತೆ ಮತ್ತೆ ತುಂಬಿಸುತ್ತದೆ. ಕಡಿಮೆ ಬಜೆಟ್ಟಿನ ತಂಡಕ್ಕೆ ಜೀವ ಕೊಡಬೇಕೆನ್ನುವವರು ಜಾಲ್ಗಿರಿಸ್ ಹಿಡಿದರೆ ನಿರಾಶರಾಗುವುದಿಲ್ಲ.

ರಷ್ಯಾದ ಕ್ಲಬ್ಬುಗಳು 2022ರಿಂದ ಖಂಡಮಟ್ಟದ ಟೂರ್ನಿಗಳಿಂದ ಹೊರಗಿವೆ. ಎಂಟು ಬಾರಿಯ ಚಾಂಪಿಯನ್ ಸಿಎಸ್‌ಕೆಎ ಈಗ ಲೀಗ್ ಆಡುವುದು ರಷ್ಯಾ ಕೇಂದ್ರಿತ ವಿಟಿಬಿಯಲ್ಲಿ ಮಾತ್ರ. ಜೋಡಿ ಕಟ್ಟಲು ಅದು ಒದಗುವುದಿಲ್ಲ.

ಅಂಕಪಟ್ಟಿ ಓದುವಾಗ ಆಗುವ ತಪ್ಪುಗಳು

ಮೊದಲನೆಯದು, ಸೋತವರಿಗೂ ಅಂಕ. ಫಿಬಾ ಪದ್ಧತಿಯಲ್ಲಿ ಗೆದ್ದರೆ 2, ಸೋತರೆ 1. ಪಂದ್ಯಕ್ಕೇ ಬಾರದಿದ್ದರೆ 0. ಚಾಂಪಿಯನ್ಸ್ ಲೀಗ್, ಎಬಿಎ, ಗ್ರೀಸ್‌ಗಳಲ್ಲಿ ಹೀಗೆಯೇ. ಯುರೋಲೀಗ್ ಮತ್ತು ಎಸಿಬಿಯಲ್ಲಿ ಬರೀ ಗೆಲುವು-ಸೋಲಿನ ಲೆಕ್ಕ. ಒಂದು ಪಂದ್ಯ ಕಡಿಮೆ ಆಡಿದ ತಂಡ ಫಿಬಾ ಪದ್ಧತಿಯಲ್ಲಿ ಕೆಳಗೆ ಕಂಡರೂ ನಿಜವಾಗಿ ಹಿಂದಿರಬೇಕೆಂದೇನಿಲ್ಲ.

ಎರಡನೆಯದು ಹೆಚ್ಚು ಮುಖ್ಯ. ಇಬ್ಬರು ಸಮನಾದರೆ ಮೊದಲು ನೋಡುವುದು ಅವರಿಬ್ಬರ ನಡುವಿನ ಪಂದ್ಯಗಳನ್ನು, ಅಲ್ಲೂ ಒಂದೊಂದು ಗೆಲುವಾದರೆ ಆ ಎರಡು ಪಂದ್ಯಗಳ ಅಂಕಗಳ ಅಂತರವನ್ನು. ನಿಮ್ಮ ತಂಡ ತವರಿನಲ್ಲಿ 8 ಅಂಕಗಳಿಂದ ಗೆದ್ದಿದ್ದರೆ, ಹೊರಗೆ 7 ಅಂಕಗಳಿಂದ ಸೋತರೂ ಮೇಲುಗೈ ನಿಮ್ಮದೇ. 9ರಿಂದ ಸೋತರೆ ಕೈತಪ್ಪಿತು. ಅದಕ್ಕೇ ಸೋಲು ಖಚಿತವಾದ ಪಂದ್ಯದ ಕೊನೆಯ 40 ಸೆಕೆಂಡಿನಲ್ಲೂ ಕೋಚ್ ಟೈಮ್‌ಔಟ್ ಕರೆಯುತ್ತಾನೆ, ಗೆಲ್ಲುತ್ತಿರುವವರು ಚೆಂಡು ಹಿಡಿದು ನಿಲ್ಲದೆ ಎಸೆಯುತ್ತಾರೆ. ಎನ್‌ಬಿಎ ಕಣ್ಣಿಗೆ ಅದು ಅಹಂಕಾರವಾಗಿ ಕಾಣಬಹುದು. ಇಲ್ಲಿ ಅದು ಏಪ್ರಿಲ್ ತಿಂಗಳ ಆರನೇ ಸ್ಥಾನಕ್ಕಾಗಿ ನವೆಂಬರಿನಲ್ಲೇ ಮಾಡುವ ಉಳಿತಾಯ.

ಮೂರನೆಯದು, ವಾರಾಂತ್ಯದ ಸೋಲನ್ನು ತಪ್ಪಾಗಿ ಅಳೆಯುವುದು. ಸ್ಪೇನಿನಲ್ಲಿ ಯುರೋಲೀಗ್ ತಂಡಕ್ಕೆ 38 ಮತ್ತು 34 ಸೇರಿ ಪ್ಲೇಆಫ್‌ಗೆ ಮುನ್ನವೇ 72 ಪಂದ್ಯ; ಇಟಲಿಯಲ್ಲಿ 68. ಶುಕ್ರವಾರ ರಾತ್ರಿ ಇಸ್ತಾಂಬುಲ್‌ನಲ್ಲಿ ಆಡಿ, ಶನಿವಾರ ವಿಮಾನ ಹಿಡಿದು, ಭಾನುವಾರ ಮಧ್ಯಾಹ್ನ ಲೀಗ್ ಪಂದ್ಯಕ್ಕೆ ಇಳಿಯುವ ತಂಡ ಹಿರಿಯ ಆಟಗಾರರನ್ನು ಕೂರಿಸುತ್ತದೆ. ಆ ಸೋಲಿನಿಂದ ತಂಡದ ಶಕ್ತಿಯನ್ನು ತೂಗಬೇಡಿ. ಎದುರಾಳಿ ಸಣ್ಣ ತಂಡದ ವಾರವಿಡೀ ನಡೆದ ತಯಾರಿಯನ್ನು ಮಾತ್ರ ಮನಸಾರೆ ಮೆಚ್ಚಿ.

ಆಟದ ನಿಯಮಗಳೂ ಸ್ವಲ್ಪ ಬೇರೆ. 10 ನಿಮಿಷಗಳ ನಾಲ್ಕು ಕ್ವಾರ್ಟರ್, ಐದು ಫೌಲಿಗೆ ಹೊರಗೆ, ಮೂರಂಕದ ಗೆರೆ 6.75 ಮೀಟರ್. ಚೆಂಡು ರಿಂಗಿಗೆ ತಗುಲಿದ ಮೇಲೆ ಅದನ್ನು ಯಾರು ಬೇಕಾದರೂ ಮುಟ್ಟಬಹುದು. ಎನ್‌ಬಿಎಯಲ್ಲಿ ಗೋಲ್‌ಟೆಂಡಿಂಗ್ (ಚೆಂಡನ್ನು ನಿಯಮ ಮೀರಿ ತಡೆಯುವ ತಪ್ಪು) ಆಗುವ ಎಷ್ಟೋ ಸಂದರ್ಭ ಇಲ್ಲಿ ಒಳ್ಳೆಯ ರಕ್ಷಣೆ. ಮೊದಲ ಕ್ವಾರ್ಟರಿನಲ್ಲೇ ಎರಡು ಫೌಲ್ ಆದ ಆಟಗಾರನನ್ನು ಕೋಚ್ ತಕ್ಷಣ ಹೊರಗೆ ಕರೆಯುವುದು ಐದರ ಮಿತಿಯಿಂದಾಗಿ.

ಭಾರತದಿಂದ ನೋಡುವವರ ವೇಳಾಪಟ್ಟಿ

ಇದನ್ನು ಲೆಕ್ಕಿಸದೆ ಚಂದಾ ಕಟ್ಟಿ ಕೈಸುಟ್ಟುಕೊಳ್ಳುವವರೇ ಹೆಚ್ಚು. ಅಕ್ಟೋಬರ್ ಕೊನೆಯಿಂದ ಮಾರ್ಚ್ ಕೊನೆಯವರೆಗೆ ಮಧ್ಯ ಯುರೋಪಿನ ಸಮಯಕ್ಕೆ ನಾಲ್ಕೂವರೆ ಗಂಟೆ ಕೂಡಿಸಬೇಕು, ಉಳಿದ ಕಾಲದಲ್ಲಿ ಮೂರೂವರೆ. ಹಾಗಾಗಿ ಮ್ಯಾಡ್ರಿಡ್‌ನಲ್ಲಿ ರಾತ್ರಿ 8:45ಕ್ಕೆ ಆರಂಭವಾಗುವ ಯುರೋಲೀಗ್ ಪಂದ್ಯ ಚಳಿಗಾಲದಲ್ಲಿ ಬೆಂಗಳೂರಿಗೆ ಮಧ್ಯರಾತ್ರಿ ಕಳೆದು 1:15. ಟರ್ಕಿ ವರ್ಷಪೂರ್ತಿ ಒಂದೇ ಸಮಯ ಇಟ್ಟುಕೊಂಡಿದೆ, ಅಲ್ಲಿಗೆ ಎರಡೂವರೆ ಗಂಟೆ ಮಾತ್ರ ಅಂತರ. ಇಸ್ತಾಂಬುಲ್‌ನ 8:45 ನಮಗೆ 11:15. ನಿದ್ದೆ ಕೆಡದೆ ಯುರೋಲೀಗ್ ನೋಡಬೇಕೆನ್ನುವವರು ಫೆನೆರ್‌ಬಾಚೆ ಅಥವಾ ಎಫೆಸ್‌ನ ತವರಿನ ಪಂದ್ಯಗಳನ್ನು ಹಿಡಿಯಬೇಕು.

ಭಾನುವಾರದ ದೇಶದ ಲೀಗುಗಳು ನಮಗೆ ವರದಾನ. ಎಸಿಬಿಯ ಮಧ್ಯಾಹ್ನ 12:30ರ ಪಂದ್ಯ ಚಳಿಗಾಲದಲ್ಲಿ ಇಲ್ಲಿ ಸಂಜೆ 5 ಗಂಟೆಗೆ. ಜರ್ಮನಿಯ ಮಧ್ಯಾಹ್ನ 3:30ರದು ರಾತ್ರಿ 8ಕ್ಕೆ. ಮಂಗಳವಾರ-ಬುಧವಾರ ಯುರೋಕಪ್, ಚಾಂಪಿಯನ್ಸ್ ಲೀಗ್. ಗುರುವಾರ-ಶುಕ್ರವಾರ ಬಹುಪಾಲು ಯುರೋಲೀಗ್. ಶನಿವಾರ-ಭಾನುವಾರ ದೇಶದ ಲೀಗು. ನವೆಂಬರ್ ಮತ್ತು ಫೆಬ್ರವರಿಯಲ್ಲಿ ರಾಷ್ಟ್ರೀಯ ತಂಡಗಳ ಪಂದ್ಯಗಳಿಗಾಗಿ ಫಿಬಾ ಕಡೆಯ ಟೂರ್ನಿಗಳು ಮತ್ತು ದೇಶದ ಲೀಗುಗಳು ಬಿಡುವು ಕೊಡುತ್ತವೆ. ಆ ದಿನಗಳಲ್ಲಿ ಪಟ್ಟಿ ಖಾಲಿ ಕಂಡರೆ ಗಾಬರಿ ಬೇಡ.

ನಮ್ಮ ಆಯ್ಕೆಯ ಜೋಡಿಗಳು

ಒಂದೇ ಜೋಡಿ ಹೇಳಿ ಎಂದರೆ ಎಸಿಬಿ ಮತ್ತು ಚಾಂಪಿಯನ್ಸ್ ಲೀಗ್. ಭಾನುವಾರ ಸಂಜೆ ಯುರೋಲೀಗ್ ಮಟ್ಟದ ತಂಡಗಳೂ ಕಣ್ಣಿಗೆ ಬೀಳುತ್ತವೆ, ಟೆನೆರಿಫೆ, ಮಾಲಗಾಗಳ ಮೂಲಕ ಖಂಡದ ಕಿರೀಟದ ಓಟವೂ ಸಿಗುತ್ತದೆ, ಬಡ್ತಿ-ಹಿಂಬಡ್ತಿಯ ಬಿಸಿಯೂ ಇರುತ್ತದೆ. ಆಟದ ಮಟ್ಟಕ್ಕೆ ಯಾವ ರಾಜಿಯೂ ಇಲ್ಲದವರು ಯುರೋಲೀಗ್ ಜೊತೆ ಎಸಿಬಿಯನ್ನೇ ಇಟ್ಟುಕೊಳ್ಳಲಿ. ಗದ್ದಲ ಮತ್ತು ಹುಡುಗರ ಬೆಳವಣಿಗೆ ಬೇಕೆಂದರೆ ಯುರೋಲೀಗ್ ಜೊತೆ ಎಬಿಎ. ಜರ್ಮನಿಯಲ್ಲಿರುವವರು ಊರಿನ ಕ್ಲಬ್ ಯಾವ ಖಂಡಮಟ್ಟದ ಟೂರ್ನಿಯಲ್ಲಿದೆಯೋ ಅದನ್ನೇ ಜೊತೆಗಿಟ್ಟುಕೊಳ್ಳಿ.

ಇನ್ನೊಂದು ವಿಧಾನವೂ ಇದೆ, ಒಬ್ಬ ಆಟಗಾರನ ಬೆನ್ನುಹತ್ತುವುದು. ಟಿ.ಜೆ. ಶಾರ್ಟ್ಸ್ ಬಾನ್‌ನಲ್ಲಿ ಕೋಚ್ ಟೂಮಾಸ್ ಈಸಾಲೊ ಜೊತೆ 2023ರ ಚಾಂಪಿಯನ್ಸ್ ಲೀಗ್ ಗೆದ್ದ, ಇಬ್ಬರೂ ಪ್ಯಾರಿಸ್‌ಗೆ ಹೋಗಿ 2024ರ ಯುರೋಕಪ್ ಗೆದ್ದರು, ಅಲ್ಲಿಂದ ಕೋಚ್ ಎನ್‌ಬಿಎಯ ಮೆಂಫಿಸ್‌ಗೆ, ಶಾರ್ಟ್ಸ್ ಪ್ಯಾರಿಸ್ ಜೊತೆ ಯುರೋಲೀಗಿಗೆ ಏರಿ, 2025ರಲ್ಲಿ ಪನಾಥಿನೈಕೋಸ್‌ಗೆ. ಕ್ಲಬ್ಬುಗಳಿಗೆ ಇಲ್ಲದ ಏಣಿ ಆಟಗಾರರಿಗೆ ಇದೆ. ಅದರ ಒಂದೊಂದು ಮೆಟ್ಟಿಲನ್ನೂ ಅವನ ಹಿಂದೆ ಹತ್ತಿದವರಿಗೆ ಮೂರು ಟೂರ್ನಿ, ಮೂರು ದೇಶಗಳ ಲೀಗುಗಳ ವ್ಯತ್ಯಾಸ ತಾನಾಗಿ ಅರ್ಥವಾಗಿರುತ್ತದೆ.

ಚಂದಾ ಕಟ್ಟುವಾಗ ಒಂದು ಎಚ್ಚರಿಕೆ. 2025ರ ಮಾರ್ಚ್‌ನಲ್ಲಿ ಎನ್‌ಬಿಎ ಮತ್ತು ಫಿಬಾ ಸೇರಿ ಯುರೋಪಿನಲ್ಲಿ ಹೊಸ ಲೀಗ್ ತೆರೆಯುವ ಸಾಧ್ಯತೆಯನ್ನು ಪರಿಶೀಲಿಸುತ್ತಿರುವುದಾಗಿ ಘೋಷಿಸಿವೆ. ಅದು ಬಂದರೆ ಯುರೋಲೀಗಿನ ಕೆಲವು ದೊಡ್ಡ ಹೆಸರುಗಳು ಜಾಗ ಬದಲಿಸಬಹುದು, 2001ರ ಹಾಗೆ ಮತ್ತೆ ಇಬ್ಬರು ಚಾಂಪಿಯನ್ನರೂ ಆಗಬಹುದು. ದೇಶದ ಲೀಗುಗಳು ಮಾತ್ರ ಪ್ರತಿ ಬಿರುಕಿನಲ್ಲೂ ಇದ್ದಲ್ಲೇ ಇದ್ದವು. ಖಂಡಮಟ್ಟದ ಟೂರ್ನಿಗೆ ಒಂದು ಋತುವಿಗಿಂತ ಹೆಚ್ಚಿನ ಚಂದಾ ಕಟ್ಟಬೇಡಿ, ಮತ್ತು ಕಟ್ಟುವ ಮುನ್ನ ನೀವಿರುವ ದೇಶದಲ್ಲಿ ನಿಮ್ಮ ಕ್ಲಬ್ಬಿನ ಪಂದ್ಯಗಳು ಆ ಚಂದಾದಲ್ಲಿ ನಿಜವಾಗಿ ಸಿಗುತ್ತವೆಯೇ ಎಂದು ಪಂದ್ಯಪಟ್ಟಿ ತೆರೆದು ನೋಡಿ.